ಹಣ್ಣು ತಿಂದದ್ದು ಸರಿ, ಬೀಜ ಎಲ್ಲಿ ಬಿತ್ತು?

ಮೊಳಕೆ:
ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮಹಡಿಯ ಕಂಬಿಯ ಮೇಲೆ ದಿನಾ ಪಿಕಳಾರ ಹಕ್ಕಿಗಳು ಬಂದು ಕೂರುತ್ತವೆ. ಕೂತಲ್ಲೇ ಹಿಕ್ಕೆ ಹಾಕುತ್ತವೆ. ಮೊದಲೆಲ್ಲ ನೀರು ಸುರಿದು ತೊಳೆದುಬಿಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ನೇರಳೆ ಬಣ್ಣದ ಹಿಕ್ಕೆಯ ನಡುವೆ ಏನೋ ಹೊಳೆಯುತ್ತಿತ್ತು. ಕಡ್ಡಿಯಲ್ಲಿ ಕೆದಕಿ ನೋಡಿದೆ. ಎರಡು ಬೀಜ. ಎಳ್ಳಿಗಿಂತ ತುಸು ದಪ್ಪ, ಯಾರೋ ಉಜ್ಜಿ ತೊಳೆದಿಟ್ಟ ಹಾಗೆ ಚೊಕ್ಕಟ, ತಿರುಳಿನ ಒಂದು ಎಳೆಯೂ ಅಂಟಿರಲಿಲ್ಲ. ಅವತ್ತಿನಿಂದ ಕಂಬಿಯ ಕೆಳಗೆ ಹಳೇ ತಟ್ಟೆ ಇಟ್ಟು ಬೀಜ ಕೂಡಿಡಲು ಶುರು ಮಾಡಿದೆ. ಮೂರು ವಾರದಲ್ಲಿ ನಾಲ್ಕು ಬಗೆಯ ಬೀಜ ಸಿಕ್ಕವು.

ಅದರಲ್ಲಿ ಒಂದರ ಗುರುತು ನನಗೆ ಹತ್ತಿತು. ರಸ್ತೆಯಾಚೆ ಒಂದು ಪೊದೆ ಇದೆ, ಅದರ ಹಣ್ಣಿನದು. ಎರಡು ಕುಂಡ ತಗೊಂಡೆ. ಒಂದರಲ್ಲಿ ಆ ಪೊದೆಯ ಮಾಗಿದ ಹಣ್ಣನ್ನು ಹಾಗೇ ಹೂತೆ. ಇನ್ನೊಂದರಲ್ಲಿ ಹಿಕ್ಕೆಯಿಂದ ಆರಿಸಿದ ಬೀಜ ಹಾಕಿದೆ. ಹಣ್ಣು ಹೂತ ಕುಂಡಕ್ಕೆ ಬೂಷ್ಟು ಹಿಡಿಯಿತು, ಎರಡೇ ಎರಡು ಮೊಳಕೆ ಬಂದವು. ಹಿಕ್ಕೆಯ ಬೀಜದ ಕುಂಡದಲ್ಲಿ ಸಾಲಾಗಿ ಎದ್ದಿವೆ, ನೋಡಿದರೆ ಖುಷಿಯಾಗುತ್ತದೆ.

ಹಕ್ಕಿಯ ಹೊಟ್ಟೆಯಲ್ಲಿ ಬೀಜಕ್ಕೆ ಏನಾಗುತ್ತದೆ? ಮತ್ತೆ, ಹಣ್ಣು ತಿನ್ನುವ ಪ್ರಾಣಿಗಳೆಲ್ಲ ಹೀಗೆ ಗಿಡ ನೆಡುತ್ತವಾ?

ಪೊಟರೆ:
ಬಹಳ ಒಳ್ಳೆ ಕೆಲಸ ಮಾಡಿದ್ದೀರಿ. ಆದರೆ ಒಂದು ಕುಂಡ ಕಮ್ಮಿ ಆಯಿತು. ಕೈಯಲ್ಲೇ ತಿರುಳು ತೆಗೆದು, ನೀರಲ್ಲಿ ಉಜ್ಜಿ ತೊಳೆದ ಬೀಜದ ಕುಂಡ ಒಂದು ಇರಬೇಕಿತ್ತು. ಯಾಕೆ ಅಂದರೆ ಹಕ್ಕಿ ಎರಡು ಬೇರೆ ಬೇರೆ ಕೆಲಸ ಮಾಡಿರಬಹುದು. ಒಂದು, ತಿರುಳು ಬಿಡಿಸುವುದು. ಇನ್ನೊಂದು, ಬೀಜದ ಸಿಪ್ಪೆಯನ್ನು ಸವೆಸಿ ತೆಳುವಾಗಿಸುವುದು. ತುಂಬಾ ಹಣ್ಣುಗಳಲ್ಲಿ ತಿರುಳೇ ಬೀಜವನ್ನು ಮೊಳೆಯದ ಹಾಗೆ ತಡೆದಿಡುತ್ತದೆ. ತಡೆಯದೇ ಇದ್ದರೆ ಹಣ್ಣಿನೊಳಗಿನ ಒದ್ದೆಯಲ್ಲೇ ಮೊಳಕೆ ಬಂದು ಕೆಟ್ಟುಹೋಗುತ್ತಿತ್ತು ಅಲ್ವಾ? ಜೊತೆಗೆ ತಿರುಳಿನಲ್ಲಿ ಸಕ್ಕರೆ ಇರುತ್ತದೆ, ಬೂಷ್ಟಿಗೆ ಅದೇ ಊಟ. ನಿಮ್ಮ ಮೊದಲ ಕುಂಡದಲ್ಲಿ ಆಗಿದ್ದು ಇದೇ ಇರಬೇಕು.

ಹೊಟ್ಟೆಯೊಳಗೆ ಹೋಗಿ ಬಂದರೇ ಮೊಳೆಯುವ ಬೀಜಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡಿನಲ್ಲಿ ಕ್ಯಾಸೊವರಿ ಅಂತ ಆಳೆತ್ತರದ ಹಕ್ಕಿ ಇದೆ. ಹಾರುವುದಿಲ್ಲ. ದೊಡ್ಡ ದೊಡ್ಡ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಅಲ್ಲಿನ ರೈಪರೋಸಾ ಎಂಬ ಮರದ ಬೀಜ ಸುಮ್ನೆ ನೆಟ್ಟರೆ 100ಕ್ಕೆ 4 ಮೊಳೆತವು, ಕ್ಯಾಸೊವರಿಯ ಹಿಕ್ಕೆಯಿಂದ ತೆಗೆದು ನೆಟ್ಟಾಗ 92. ಇಷ್ಟು ದೊಡ್ಡ ವ್ಯತ್ಯಾಸ ಎಲ್ಲಾ ಗಿಡಕ್ಕೂ ಇರುವುದಿಲ್ಲ. ಎಷ್ಟೋ ಗಿಡಗಳಿಗೆ ತಿರುಳು ಹೋದರೆ ಸಾಕು. ನಿಮ್ಮ ಪೊದೆ ಈ ಎರಡರಲ್ಲಿ ಯಾವ ಬಗೆಯದು ಅಂತ ಮೂರನೇ ಕುಂಡ ಹೇಳುತ್ತದೆ.

ಮೊಳಕೆ:
ಇವತ್ತೇ ಹಾಕುತ್ತೇನೆ.

ಗೊರಟೆ:
ಹಣ್ಣು ತಿನ್ನುವವರೆಲ್ಲ ಗಿಡ ನೆಡುತ್ತಾರೆ ಅನ್ನುವುದು ಸರಿಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಗಿಣಿ ಹಣ್ಣು ತಿನ್ನುವಾಗ ಹತ್ತಿರದಿಂದ ನೋಡಿದ್ದೀರಾ? ಒಂದು ಕಾಲಲ್ಲಿ ಹಣ್ಣು ಹಿಡಿದುಕೊಳ್ಳುತ್ತದೆ, ತಿರುಳನ್ನು ಸಿಗಿದು ಬಿಸಾಡುತ್ತದೆ, ಒಳಗಿನ ಬೀಜವನ್ನು ನಾಲಿಗೆಯಲ್ಲಿ ತಿರುಗಿಸಿ ತಿರುಗಿಸಿ ಕೊಕ್ಕಿನಲ್ಲಿ ಒಡೆದು ತಿನ್ನುತ್ತದೆ. ಅದಕ್ಕೆ ಬೇಕಾಗಿರುವುದು ಬೀಜ. ಮರದ ಲೆಕ್ಕದಲ್ಲಿ ಅದು ನಷ್ಟ.

ಹಸಿರು ಪಾರಿವಾಳವೂ ಹಾಗೇ. ಅತ್ತಿ, ಆಲದ ಮರದಲ್ಲಿ ಹಿಂಡು ಹಿಂಡಾಗಿ ಕೂತು ತಿನ್ನುತ್ತವೆ. ಆದರೆ ಅವುಗಳ ಹೊಟ್ಟೆಯ ಅರೆಯುವ ಚೀಲ ಎಷ್ಟು ಗಟ್ಟಿ ಅಂದರೆ ಆ ಸಣ್ಣ ಬೀಜಗಳನ್ನೂ ಹಿಟ್ಟು ಮಾಡಿಬಿಡುತ್ತದೆ. ಅದರದೇ ಬಳಗದ ಇಂಪೀರಿಯಲ್ ಪಾರಿವಾಳಗಳು ದೊಡ್ಡ ಹಣ್ಣು ನುಂಗಿ ಗೊರಟೆಯನ್ನು ಹಾಗೇ ಹೊರಗೆ ಹಾಕುತ್ತವೆ. ಎರಡೂ ಪಾರಿವಾಳ, ಎರಡೂ ಹಣ್ಣು ತಿನ್ನುತ್ತವೆ, ಕಾಡಿಗೆ ಆಗುವ ಪರಿಣಾಮ ಮಾತ್ರ ಪೂರ್ತಿ ಉಲ್ಟಾ.

ಪೊಟರೆ:
ಗೊರಟೆ ಹೇಳಿದ್ದು ನೂರಕ್ಕೆ ನೂರು ಸರಿ. ಗಿಡಗಳೂ ಸುಮ್ಮನೆ ಕೂತಿಲ್ಲ. ಯಾರು ತಿನ್ನಬೇಕು, ಯಾರು ತಿನ್ನಬಾರದು ಅಂತ ಅವೂ ಆರಿಸಿಕೊಂಡಿವೆ. ಕಾಯಿ ಎಳೆಯದಾಗಿದ್ದಾಗ ಹಸಿರು, ಒಗರು, ಹುಳಿ. ಒಳಗಿನ ಬೀಜ ಬಲಿತ ಮೇಲೇ ಬಣ್ಣ, ಸಿಹಿ, ವಾಸನೆ. ಕಾಡು ಮೆಣಸಿನಕಾಯಿ ನೋಡಿ. ಅದರ ಖಾರ ಇಲಿಯಂಥ ಪ್ರಾಣಿಗಳ ಬಾಯಿ ಸುಡುತ್ತದೆ, ಹಕ್ಕಿಗೆ ಆ ಖಾರ ಗೊತ್ತೇ ಆಗುವುದಿಲ್ಲ. ಇಲಿ ಬೀಜ ಜಗಿದು ಹಾಳು ಮಾಡುತ್ತದೆ, ಹಕ್ಕಿ ಇಡಿಯಾಗಿ ನುಂಗುತ್ತದೆ. 2001ರಲ್ಲಿ ಅಮೆರಿಕದ ಅರಿಜೋನಾದ ಕಾಡು ಮೆಣಸಿನ ಗಿಡಗಳ ಮೇಲೆ ಕೆಲಸ ಮಾಡಿದವರು ಇದನ್ನು ತೋರಿಸಿಕೊಟ್ಟರು.

ಬಣ್ಣ ಮತ್ತು ವಾಸನೆಯ ವಿಷಯವೂ ಹೀಗೇ. ಹಗಲು ತಿರುಗುವ ಹಕ್ಕಿಗಳು ಬರಲಿ ಅಂತ ಕೆಂಪು, ಕಪ್ಪು ಹಣ್ಣು. ಕತ್ತಲಲ್ಲಿ ಬರುವ ಬಾವಲಿಗೆ ಬಣ್ಣ ಯಾಕೆ? ಬಾವಲಿ ತಿನ್ನುವ ಎಷ್ಟೋ ಹಣ್ಣುಗಳು ಮಾಗಿದರೂ ಹಸಿರಾಗೇ ಇರುತ್ತವೆ, ಆದರೆ ಘಮ್ಮೆನ್ನುತ್ತವೆ. ಮಡಗಾಸ್ಕರ್‌ನಲ್ಲಿ ಹಣ್ಣು ತಿನ್ನುವವರಲ್ಲಿ ಮಂಗಗಳ ದೂರದ ನೆಂಟರಾದ ಲೆಮೂರ್‌ಗಳದ್ದೇ ದೊಡ್ಡ ಪಾಲು. ಅವುಗಳ ಪೈಕಿ ಹೆಚ್ಚಿನವಕ್ಕೆ ಕೆಂಪು ಹಸಿರಿನ ಭೇದ ಸರಿಯಾಗಿ ಕಾಣುವುದಿಲ್ಲ, ಮೂಗು ಮಾತ್ರ ಚುರುಕು. ಅವು ತಿನ್ನುವ ಹಣ್ಣುಗಳು ಮಾಗಿದಾಗ ಬಣ್ಣಕ್ಕಿಂತ ವಾಸನೆಯಲ್ಲೇ ಜಾಸ್ತಿ ಬದಲಾಗುತ್ತವೆ.

ಇರುಳುಹಾರಿ:
ಬಾವಲಿ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ.

ನಾನು ದಿನಾ ಓಡಾಡುವ ದಾರಿಯಲ್ಲಿ ಒಂದು ದೊಡ್ಡ ಮರ ಇತ್ತು. ಅದರ ತುಂಬಾ ಬಾವಲಿಗಳು ನೇತಾಡುತ್ತಿದ್ದವು, ಮುನ್ನೂರಕ್ಕೂ ಜಾಸ್ತಿ ಎಣಿಸಿದ್ದೆ. ಗಲೀಜು ಮಾಡುತ್ತವೆ, ರೋಗ ತರುತ್ತವೆ ಅಂತ ಯಾರೋ ದೂರು ಕೊಟ್ಟರು. ಹಗಲು ಹೊತ್ತಿನಲ್ಲೇ ಕೊಂಬೆ ಕಡಿದರು. ಮರಿಗಳನ್ನು ಎದೆಗೆ ಅವಚಿಕೊಂಡ ತಾಯಿ ಬಾವಲಿಗಳು ಬಿಸಿಲಲ್ಲಿ ದಿಕ್ಕು ತೋಚದೆ ಸುತ್ತಿದ್ದನ್ನು ನಾನು ನಿಂತು ನೋಡಿದ್ದೇನೆ. ಬಾವಲಿಯನ್ನು ಮುಟ್ಟಬಾರದು, ಅದು ಕಚ್ಚಿಟ್ಟ ಹಣ್ಣು ತಿನ್ನಬಾರದು, ಅದರಿಂದ ರೋಗ ಬರುವುದು ನಿಜ. ಆದರೆ ಓಡಿಸಿದರೆ, ಹೆದರಿಸಿದರೆ ಆ ಅಪಾಯ ಕಮ್ಮಿ ಆಗುವುದಿಲ್ಲ. ಅವು ಚದುರಿ ಇನ್ನಷ್ಟು ಕಡೆ ಹೋಗುತ್ತವೆ ಅಷ್ಟೇ.

ಈಗ ಅವುಗಳ ಕೆಲಸದ ಬಗ್ಗೆ. ರಾತ್ರಿ ಅತ್ತಿ ಮರದ ಕೆಳಗೆ ನಿಂತು ನೋಡಿ. ಬಾವಲಿ ಹಣ್ಣನ್ನು ಕಿತ್ತು ಅಲ್ಲೇ ಕೂರುವುದು ಕಮ್ಮಿ. ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಮರಕ್ಕೆ ಹೋಗುತ್ತದೆ. ಅಲ್ಲಿ ತಲೆಕೆಳಗಾಗಿ ನೇತಾಡುತ್ತಾ ಹಣ್ಣನ್ನು ಬಾಯಿಯ ಅಂಗುಳಕ್ಕೆ ಒತ್ತಿ ಒತ್ತಿ ರಸ ಹೀರುತ್ತದೆ. ಉಳಿದ ಜುಂಗನ್ನು ಉಂಡೆ ಮಾಡಿ ಉಗುಳುತ್ತದೆ. ಬೆಳಿಗ್ಗೆ ನೆಲದಲ್ಲಿ ಆ ಉಂಡೆಗಳು ಸಿಗುತ್ತವೆ, ಒಣಗಿದ್ದರೆ ಹತ್ತಿ ಉಂಡೆಯಷ್ಟು ಹಗುರ, ಹಲ್ಲಿನ ಗುರುತು ಹಾಗೇ ಇರುತ್ತದೆ. ಸಣ್ಣ ಬೀಜಗಳು ರಸದ ಜೊತೆ ಹೊಟ್ಟೆಗೆ ಹೋಗುತ್ತವೆ. ಅರ್ಧ ಗಂಟೆಯೊಳಗೇ ಎಷ್ಟೋ ಬೀಜ ಹೊರಗೆ ಬಂದುಬಿಡುತ್ತವೆ, ಅದೂ ಹಾರುತ್ತಾ ಇರುವಾಗ.

ಇದು ಯಾಕೆ ಮುಖ್ಯ ಗೊತ್ತಾ? ಹಕ್ಕಿಗಳಲ್ಲಿ ಹೆಚ್ಚಿನವು ಕೂತಾಗ ಹಿಕ್ಕೆ ಹಾಕುತ್ತವೆ. ಅಂದರೆ ಮರ ಇದ್ದ ಕಡೆ ಬೀಜ ಬೀಳುತ್ತದೆ. ಬೋಳು ಬಯಲಿನಲ್ಲಿ ಕೂರಲು ಕೊಂಬೆ ಇಲ್ಲ, ಅಲ್ಲಿಗೆ ಹಕ್ಕಿ ಬೀಜ ತರುವುದು ಕಷ್ಟ. ಬಾವಲಿಗೆ ಕೊಂಬೆ ಬೇಕಿಲ್ಲ. ಕಡಿದು ಬೋಳಾದ ಜಾಗದ ಮೇಲೆ ಹಾರುತ್ತಾ ಬೀಜ ಸುರಿಸಿಕೊಂಡು ಹೋಗುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಬೋಳು ಜಾಗಕ್ಕೆ ಮೊದಲು ಬರುವ ಸೆಕ್ರೋಪಿಯಾ, ಕರಿಮೆಣಸಿನ ಬಳಗದ ಗಿಡಗಳು ಹೀಗೆ ಬಾವಲಿಯಿಂದಲೇ ತುಂಬಾ ಕಡೆ ಹಬ್ಬುತ್ತವೆ.

ದೂರದ ಲೆಕ್ಕ ಬೇಕಾದರೆ ಆಫ್ರಿಕಾದ ಒಣಹುಲ್ಲಿನ ಬಣ್ಣದ ಹಣ್ಣುಬಾವಲಿ ಇದೆ. ಜಾಂಬಿಯಾದ ಕಸಂಕಾ ಕಾಡಿಗೆ ಪ್ರತಿ ವರ್ಷ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಲಕ್ಷಗಟ್ಟಲೆ ಬಂದು ಸೇರುತ್ತವೆ. ಘಾನಾದಲ್ಲಿ ಇವಕ್ಕೆ ಜಿಪಿಎಸ್ ಕಟ್ಟಿ ಲೆಕ್ಕ ಹಾಕಿದಾಗ, ಹೊಟ್ಟೆಯಲ್ಲಿ ಉಳಿದ ಸಣ್ಣ ಬೀಜ 75 ಕಿಲೋಮೀಟರ್ ದೂರದ ತನಕವೂ ಹೋಗಬಹುದು ಅಂತ ಗೊತ್ತಾಯಿತು.

ಗೊರಟೆ:
ಓದಿ ಹೊಟ್ಟೆ ಉರಿಯಿತು. ಆ ಮರದ ಬಾವಲಿಗಳು ಎಲ್ಲಿಗೆ ಹೋದವು?

ಇರುಳುಹಾರಿ:
ಗೊತ್ತಿಲ್ಲ. ಒಂದೆರಡು ತಿಂಗಳು ಸಂಜೆ ಹೊತ್ತು ಕೆಲವು ಬಂದು ಆ ಜಾಗದ ಮೇಲೆ ಸುತ್ತುತ್ತಿದ್ದವು. ಆಮೇಲೆ ಅದೂ ನಿಂತಿತು.

ನದಿದಂಡೆ:
ಎಲ್ಲರೂ ಹಕ್ಕಿ, ಬಾವಲಿ, ಮಂಗ ಅಂತಲೇ ಮಾತಾಡುತ್ತೀರಿ. ಮೀನನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ಅಮೆಜಾನ್‌ನಲ್ಲಿ ಮಳೆಗಾಲಕ್ಕೆ ನದಿ ಉಕ್ಕಿ ಕಾಡೊಳಗೆ ನುಗ್ಗುತ್ತದೆ. ಕೆಲವು ಕಡೆ 10 ಮೀಟರ್‌ಗೂ ಜಾಸ್ತಿ ನೀರು ಏರುತ್ತದೆ, ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತದೆ. ಅಲ್ಲಿನ ಮರಗಳಲ್ಲಿ ಎಷ್ಟೋ ಜಾತಿ ಹಣ್ಣು ಬಿಡುವುದೇ ಆಗ. ಮರದ ನಡುವೆ ಮೀನು ಓಡಾಡುತ್ತವೆ. ತಂಬಾಕಿ ಎಂಬ ಮೀನು ಬೆಳೆದರೆ ಮೀಟರ್ ಉದ್ದ, 30 ಕಿಲೋ ತೂಕ. ಅದರ ಹಲ್ಲು ನಮ್ಮ ದವಡೆ ಹಲ್ಲಿನ ಹಾಗೇ ಚಪ್ಪಟೆ. ಹಣ್ಣು ನೀರಿಗೆ ಬಿದ್ದ ಸದ್ದು ಕೇಳಿದ ಕಡೆ ಬರುತ್ತದೆ. ಗಟ್ಟಿ ಬೀಜಗಳನ್ನು ಒಡೆದೂ ತಿನ್ನುತ್ತದೆ, ಸಣ್ಣವು ಇಡಿಯಾಗಿ ಒಳಗೆ ಹೋಗಿ ಇಡಿಯಾಗಿ ಹೊರಗೆ ಬರುತ್ತವೆ. ಪೆರುವಿನಲ್ಲಿ ಮಾಡಿದ ಅಧ್ಯಯನ 2011ರಲ್ಲಿ ಬಂತು. ಅದರ ಪ್ರಕಾರ ಈ ಮೀನು ಬೀಜವನ್ನು 5 ಕಿಲೋಮೀಟರ್‌ಗೂ ದೂರ ಒಯ್ಯಬಲ್ಲದು.

ನೀರು ಇಳಿಯುವ ದಿಕ್ಕಿಗೆ ಬೀಜ ತೇಲಿ ಹೋಗುವುದು ದೊಡ್ಡ ವಿಷಯವಲ್ಲ. ಆದರೆ ನದಿಯ ಎದುರು ದಿಕ್ಕಿಗೆ ಬೀಜ ಹೋಗಬೇಕು ಅಂದರೆ ಯಾರಾದರೂ ಹೊರಬೇಕು. ಮೀನು ಹೊರುತ್ತದೆ. ಸಮಸ್ಯೆ ಏನೆಂದರೆ ಬಲೆಗೆ ಮೊದಲು ಹೋಗುವುದು ದೊಡ್ಡ ಮೀನು. ಜಾಸ್ತಿ ಬೀಜ ಜಾಸ್ತಿ ದೂರ ಒಯ್ಯುವುದೂ ಆ ದೊಡ್ಡ ಮೀನೇ.

ಮೊಳಕೆ:
ಮೀನು ಹಣ್ಣು ತಿನ್ನುತ್ತದೆ ಅನ್ನುವುದೇ ನನಗೆ ಹೊಸದು. ಒಂದು ಸಂದೇಹ. ಎಲ್ಲರೂ ದೂರ ದೂರ ಅಂತಿದ್ದೀರಿ. ದೂರ ಹೋದರೆ ಏನು ಲಾಭ? ತಾಯಿ ಮರ ಚೆನ್ನಾಗಿ ಬೆಳೆದ ಜಾಗ ಅಂದರೆ ಮಣ್ಣು, ನೀರು ಚೆನ್ನಾಗಿದೆ ಅಂತಲೇ ಅರ್ಥ ಅಲ್ವಾ? ಅಲ್ಲೇ ಬಿದ್ದರೆ ಬೀಜಕ್ಕೆ ಒಳ್ಳೆಯದೇ ಆಗಬೇಕು.

ಪೊಟರೆ:
ಈ ಪ್ರಶ್ನೆಗೇ ಕಾಯುತ್ತಿದ್ದೆ.

ತಾಯಿ ಮರದ ಬುಡ ಮರಿಗೆ ಬಲು ಕೆಟ್ಟ ಜಾಗ. ನೆರಳು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಜಾತಿಯ ಎಲೆ, ಬೇರು, ಬೀಜ ತಿಂದೇ ಬದುಕುವ ಹುಳ, ಬೂಷ್ಟು, ರೋಗ ಎಲ್ಲಾ ಅಲ್ಲೇ ಗೂಡು ಕಟ್ಟಿರುತ್ತವೆ. ದೊಡ್ಡ ಮರ ತಡೆದುಕೊಳ್ಳುತ್ತದೆ. ಎರಡು ಎಲೆಯ ಸಸಿ ತಡೆದುಕೊಳ್ಳಲ್ಲ. ಹಣ್ಣು ರಾಶಿ ಬಿದ್ದ ಕಡೆ ಇಲಿ, ಹಂದಿ, ಬೀಜ ಕೊರೆಯುವ ಹುಳ ಎಲ್ಲಾ ಬಂದು ಸೇರುತ್ತವೆ. ಜಾನ್ಸೆನ್ ಮತ್ತು ಕಾನೆಲ್ ಅಂತ ಇಬ್ಬರು 1970, 71ರಲ್ಲಿ ಬೇರೆ ಬೇರೆಯಾಗಿ ಇದೇ ಮಾತು ಹೇಳಿದರು. ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿಯ ಮರ ಗುಂಪಾಗದೆ ಇಷ್ಟೊಂದು ಜಾತಿ ಕಲಸಿಕೊಂಡು ಬೆಳೆಯಲು ಇದು ದೊಡ್ಡ ಕಾರಣ ಅಂತ ಅವರ ವಾದ.

ನಾನು ಮಂಗಟ್ಟೆಯ ಗೂಡಿನ ಮರದ ಕೆಳಗೆ ಕೂತು ಇದನ್ನು ಬೇರೆ ರೀತಿ ನೋಡಿದ್ದೇನೆ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಗಂಡು ಬರುವ ಮೊದಲೇ ರೆಕ್ಕೆಯ ಸದ್ದು ಬರುತ್ತದೆ, ದೂರದಿಂದ ಗಾಳಿ ಹರಿದ ಹಾಗೆ. ಬಂದು ಸೀಳಿನ ಹತ್ತಿರ ಕೂತು ಗಂಟಲಿನಿಂದ ಒಂದೊಂದೇ ಹಣ್ಣು ಮೇಲಕ್ಕೆ ತಂದು ಕೊಕ್ಕಿನ ತುದಿಯಲ್ಲಿ ಹಿಡಿದು ಒಳಗೆ ಕೊಡುತ್ತದೆ. ತಿಂದಾದ ಮೇಲೆ ಒಳಗಿನಿಂದ ಗೊರಟೆಗಳು ಟಪ್ ಟಪ್ ಅಂತ ಕೆಳಗೆ ಬೀಳುತ್ತವೆ. ಆ ಮರದ ಬುಡದಲ್ಲಿ ಏಳೆಂಟು ಜಾತಿಯ ಬೀಜ, ಸಸಿ ಒತ್ತೊತ್ತಾಗಿ ಇದ್ದವು. ಎಲ್ಲವೂ ದೂರದಿಂದ ಬಂದವೇ. ಆದರೂ ಅಷ್ಟು ಒತ್ತಾಗಿ ಬಿದ್ದದ್ದರಿಂದ ಹೆಚ್ಚಿನವು ಸಾಯುತ್ತವೆ. ಅದೇ ಹಕ್ಕಿ ಗೂಡಿನ ಕೆಲಸ ಇಲ್ಲದಾಗ ಕಾಡೆಲ್ಲ ಸುತ್ತುತ್ತಾ ಒಂದು ಇಲ್ಲಿ, ಒಂದು ಅಲ್ಲಿ ಗೊರಟೆ ಉಗುಳುತ್ತದೆ. ಕಾಡಿಗೆ ನಿಜವಾಗಿ ಲಾಭ ಆಗುವುದು ಆಗ. ಹಾಗಾಗಿ ಯಾವ ಪ್ರಾಣಿ ಎಷ್ಟು ತಿಂದಿತು ಅಂತ ಎಣಿಸಿದರೆ ಸಾಲದು, ಬೀಜವನ್ನು ಎಲ್ಲಿ ಬಿಟ್ಟಿತು ಅಂತ ನೋಡಬೇಕು.

ಬದನಿಕೆ:
"ಎಲ್ಲಿ ಬಿಟ್ಟಿತು" ಅನ್ನುವುದಕ್ಕೆ ನನ್ನ ಹೆಸರಿನ ಗಿಡಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಬದನಿಕೆ ಬೇರೆ ಮರದ ಕೊಂಬೆಯ ಮೇಲೆ ಬೆಳೆಯುವ ಗಿಡ. ಬೀಜ ನೆಲಕ್ಕೆ ಬಿದ್ದರೆ ಮುಗಿಯಿತು. ಕೊಂಬೆಯ ಮೇಲೇ ಬೀಳಬೇಕು, ಅಲ್ಲೇ ಅಂಟಬೇಕು. ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿ ಆ ಹಣ್ಣು ತಿನ್ನುತ್ತದೆ. ಬೀಜದ ಸುತ್ತ ಗೋಂದಿನಂಥ ಅಂಟು ಇರುತ್ತದೆ. ಹಿಕ್ಕೆ ಹಾಕಿದರೂ ಅಷ್ಟು ಸುಲಭಕ್ಕೆ ಬೀಳಲ್ಲ, ನೂಲಿನ ಹಾಗೆ ಎಳೆಯುತ್ತದೆ. ಹಕ್ಕಿ ಆ ಕಡೆ ಈ ಕಡೆ ತಿರುಗಿ ಹಿಂಭಾಗವನ್ನು ಕೊಂಬೆಗೆ ಒರೆಸುತ್ತದೆ. ಬೀಜ ಅಲ್ಲೇ ಅಂಟಿಕೊಳ್ಳುತ್ತದೆ. ನಾನು ಒಮ್ಮೆ ಬೆರಳಿಗೆ ಅಂಟಿಸಿಕೊಂಡು ನೋಡಿದೆ, ಸೋಪು ಹಾಕಿ ಉಜ್ಜಿದರೂ ಬಿಡಲಿಲ್ಲ.

ಓಟೆಗಾರ:
ಅಳಿದುಹೋದ ಡೋಡೋ ಹಕ್ಕಿಯ ಕಥೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮಾರಿಷಸ್‌ನಲ್ಲಿ ತಂಬಲಕೋಕ್ ಅಂತ ಮರ. ಅದರ ಬೀಜ ಡೋಡೋ ಹೊಟ್ಟೆಯಲ್ಲಿ ಸವೆದರೆ ಮಾತ್ರ ಮೊಳೆಯುತ್ತಿತ್ತಂತೆ. ಡೋಡೋ ಹೋದ ಮೇಲೆ 300 ವರ್ಷ ಒಂದೂ ಹೊಸ ಮರ ಹುಟ್ಟಲಿಲ್ಲ, ಬರೀ 13 ಮುದಿ ಮರ ಉಳಿದಿದ್ದವು. ಒಬ್ಬರು ಟರ್ಕಿ ಕೋಳಿಗೆ ಆ ಬೀಜ ತಿನ್ನಿಸಿ ಮೊಳಕೆ ಬರಿಸಿದರು.

ಪೊಟರೆ:
ಓಟೆಗಾರರೇ, ಈ ಕಥೆಯನ್ನು ನಾನೂ ವರ್ಷಗಟ್ಟಲೆ ನಂಬಿದ್ದೆ, ಬೇರೆಯವರಿಗೂ ಹೇಳಿದ್ದೆ. ಅದು ನಿಲ್ಲಲಿಲ್ಲ. ಸ್ಟ್ಯಾನ್ಲಿ ಟೆಂಪಲ್ 1977ರಲ್ಲಿ ಬರೆದದ್ದು. ಟರ್ಕಿಗೆ ತಿನ್ನಿಸಿದ್ದು 17 ಬೀಜ, ಮೊಳೆತದ್ದು 3. ತಿನ್ನಿಸದೇ ಹಾಗೇ ನೆಟ್ಟ ಬೀಜಗಳ ಜೊತೆ ಅವರು ಹೋಲಿಸಿರಲಿಲ್ಲ. ಅಂದರೆ ಮೊಳಕೆಯವರ ಮೂರನೇ ಕುಂಡದ ಹಾಗೇ, ಅಲ್ಲೂ ಒಂದು ಕುಂಡ ಕಮ್ಮಿ. ಯಾರ ಹೊಟ್ಟೆಗೂ ಹೋಗದೆ ಆ ಬೀಜ ಮೊಳೆತ ದಾಖಲೆಗಳು ಅದಕ್ಕೂ ಮೊದಲೇ ಇದ್ದವು. ಮರಗಳೂ 13ಕ್ಕಿಂತ ತುಂಬಾ ಜಾಸ್ತಿ ಇವೆ, 300 ವರ್ಷಕ್ಕಿಂತ ಚಿಕ್ಕವೂ ಇವೆ. ಆ ಮರ ಕಷ್ಟದಲ್ಲಿರುವುದು ನಿಜ. ಕಾಡು ಕಡಿದದ್ದು, ಹೊರಗಿಂದ ಬಂದ ಹಂದಿ, ಮಂಗಗಳು ಹಣ್ಣು ಬಲಿಯುವ ಮೊದಲೇ ಹಾಳು ಮಾಡುವುದು, ಇವೆಲ್ಲ ಸೇರಿವೆ.

ಆದರೆ ಮಾರಿಷಸ್‌ನಿಂದಲೇ ಗಟ್ಟಿಯಾದ ಇನ್ನೊಂದು ಕಥೆ ಇದೆ. ತೀರದ ಹತ್ತಿರ ಇಲ್ ಓ ಜೆಗ್ರೆತ್ ಅಂತ ಪುಟ್ಟ ದ್ವೀಪ. ಅಲ್ಲಿ ಒಂದು ಬಗೆಯ ಕರಿಮರ ಇದೆ, ಎಬೊನಿ. ಹಣ್ಣು ದೊಡ್ಡದು. ಹಿಂದೆ ಅದನ್ನು ತಿನ್ನುತ್ತಿದ್ದ ದೈತ್ಯ ಆಮೆಗಳನ್ನು ಜನ ತಿಂದು ಮುಗಿಸಿದ್ದರು. ಹಣ್ಣು ಮರದ ಬುಡದಲ್ಲೇ ರಾಶಿ ಬಿದ್ದು ಕೊಳೆಯುತ್ತಿತ್ತು. 2000ದಿಂದ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ತಂದು ಅಲ್ಲಿ ಬಿಟ್ಟರು. ಸತ್ತ ಆಮೆಯ ಬದಲಿಗೆ ಬದುಕಿರುವ ಅದರ ನೆಂಟ. ಅವು ಆ ಹಣ್ಣು ತಿಂದವು, ನಡೆದವು, ಲದ್ದಿ ಹಾಕಿದವು. ಕರಿಮರ ಪೂರ್ತಿ ಕಡಿದುಹೋಗಿದ್ದ ಜಾಗಗಳಲ್ಲಿ ಸಸಿಗಳು ಎದ್ದವು. ಹೊಟ್ಟೆಯೊಳಗೆ ಹೋಗಿ ಬಂದ ಬೀಜಗಳು ಚೆನ್ನಾಗೂ ಮೊಳೆತವು.

ಓಟೆಗಾರ:
ತಿದ್ದಿದ್ದಕ್ಕೆ ಧನ್ಯವಾದ. ಇದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ನಾಳೆಯೇ ಸರಿಪಡಿಸುತ್ತೇನೆ. ಆಮೆಯ ಕಥೆ ಹೇಳುತ್ತೇನೆ.

ಸದ್ದಿಲ್ಲದ ಕಾಡು:
ಪ್ರಾಣಿಗಳು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಊಹೆ ಬೇಕಿಲ್ಲ, ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪ ನೋಡಿದರೆ ಸಾಕು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಸರಕಿನ ಜೊತೆ ಕಂದು ಮರಹಾವು ಅಲ್ಲಿಗೆ ಬಂತು. ಅಲ್ಲಿನ ಹಕ್ಕಿಗಳಿಗೆ ಹಾವಿನ ಭಯವೇ ಗೊತ್ತಿರಲಿಲ್ಲ. ಕಾಡಿನ 12 ಜಾತಿ ಹಕ್ಕಿಗಳಲ್ಲಿ 10 ಅಲ್ಲಿಂದ ಅಳಿಸಿಹೋದವು. ಹಣ್ಣು ತಿಂದು ಬೀಜ ಒಯ್ಯುವ ಹಕ್ಕಿಗಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮರಗಳು ಇವತ್ತಿಗೂ ನಿಂತಿವೆ. ಹೂ ಬಿಡುತ್ತವೆ, ಹಣ್ಣು ಬಿಡುತ್ತವೆ. ಮೇಲಿಂದ ನೋಡಿದರೆ ಹಸಿರು ಕಾಡೇ. ಆದರೆ ಹಣ್ಣು ಕೆಳಗೆ ಬೀಳುತ್ತದೆ, ಅಲ್ಲೇ ಇರುತ್ತದೆ. ಹಕ್ಕಿ ಇರುವ ಪಕ್ಕದ ದ್ವೀಪಗಳ ಜೊತೆ ಹೋಲಿಸಿದವರು 2017ರಲ್ಲಿ ಬರೆದರು: ಎರಡು ಜಾತಿ ಮರಗಳಲ್ಲಿ ಹೊಸ ಸಸಿ ಹುಟ್ಟುವುದು 61ರಿಂದ 92 ಶೇಕಡದಷ್ಟು ಕುಸಿದಿರಬಹುದು.

ಹಕ್ಕಿ ಹೋದ ದಿನವೇ ಕಾಡು ಸಾಯುವುದಿಲ್ಲ. ಮರದ ಆಯುಸ್ಸು ದೊಡ್ಡದು. ಅದಕ್ಕೇ ಯಾರಿಗೂ ಗಾಬರಿ ಆಗುವುದಿಲ್ಲ, ನನಗೆ ಜಾಸ್ತಿ ಭಯ ಆಗುವುದೂ ಇದರಿಂದಲೇ.

ಮೊಳಕೆ:
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಇನ್ನೊಂದು ವಿಷಯ ಕೇಳಬೇಕು. ತಟ್ಟೆಯಲ್ಲಿ ಸಿಕ್ಕ ಎರಡನೇ ಬಗೆಯ ಬೀಜ ಮೊಳೆತು ಎಲೆ ಬಿಟ್ಟಿದೆ. ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಲಂಟಾನ ಅನ್ನಿಸುತ್ತಿದೆ. ಹಕ್ಕಿ ತಂದದ್ದು, ಕೀಳಲು ಮನಸ್ಸು ಬರುತ್ತಿಲ್ಲ.

ಗೊರಟೆ:
ಕಿತ್ತುಬಿಡಿ. ಬೇರು ಸಮೇತ ಕೀಳಿ. ಹಕ್ಕಿಗೆ ಇದು ಊರ ಗಿಡ, ಇದು ಹೊರಗಿಂದ ಬಂದದ್ದು ಅನ್ನುವ ಭೇದ ಇಲ್ಲ. ಹಣ್ಣು ಸಣ್ಣ, ಸಿಹಿ, ವರ್ಷದ ಹೆಚ್ಚು ದಿನ ಸಿಗುತ್ತದೆ, ಅದಕ್ಕೆ ಅಷ್ಟು ಸಾಕು. ಲಂಟಾನ ಮೂಲತಃ ಅಮೆರಿಕ ಖಂಡದ್ದು. ಅಲಂಕಾರಕ್ಕೆ ಅಂತ ಜನ ಬೇರೆ ಬೇರೆ ಖಂಡಕ್ಕೆ ಒಯ್ದರು. ಅಲ್ಲಿಂದ ಮುಂದೆ ಕಾಡೊಳಗೆ ಒಯ್ದಿದ್ದು ಹೆಚ್ಚಾಗಿ ಹಕ್ಕಿಗಳೇ.

ಪೊಟರೆ:
ಇದರ ಹಿಂದೆ ಇನ್ನೊಂದು ಕಥೆ ಇದೆ, ನನಗೆ ಇದು ಬಹಳ ಕಾಡುತ್ತದೆ. ಜನ, ರಸ್ತೆ, ಸದ್ದು ಎಲ್ಲ ತಡೆದುಕೊಂಡು ಉಳಿಯುವುದು ಪಿಕಳಾರದಂಥ ಸಣ್ಣ ಹಕ್ಕಿ. ಸಣ್ಣ ಬಾಯಿ, ಸಣ್ಣ ಹಣ್ಣು. ಲಂಟಾನದಂಥ ಸಣ್ಣ ಹಣ್ಣಿನ ಗಿಡಗಳಿಗೆ ಸಾಗಣೆಯ ತೊಂದರೆಯೇ ಇಲ್ಲ. ಬೇಟೆಗೆ, ಕಾಡು ತುಂಡಾಗುವುದಕ್ಕೆ ಮೊದಲು ಬಲಿಯಾಗುವುದು ಮಂಗಟ್ಟೆ, ಟೂಕನ್, ಆನೆ, ದೊಡ್ಡ ಮಂಗಗಳು. ದೊಡ್ಡ ಗೊರಟೆಯ ಮರಕ್ಕೆ ಆಮೇಲೆ ಯಾರಿದ್ದಾರೆ? ಕಾಂಗೋದ ಕಾಡಿನ ಆನೆ ಒಂದು ಬೀಜವನ್ನು 57 ಕಿಲೋಮೀಟರ್ ತನಕ ಒಯ್ಯಬಲ್ಲದು ಅಂತ ಲೆಕ್ಕ ಇದೆ. ಆ ಜಾಗವನ್ನು ಪಿಕಳಾರ ತುಂಬಲು ಆಗುವುದಿಲ್ಲ.

ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನಲ್ಲಿ ಜುಸಾರಾ ಅಂತ ತಾಳೆ ಜಾತಿಯ ಮರ ಇದೆ. ಟೂಕನ್‌ನಂಥ ದೊಡ್ಡ ಕೊಕ್ಕಿನ ಹಕ್ಕಿ ಇರುವ ಕಡೆ ಅದರ ಬೀಜ ಸಣ್ಣವೂ ಇವೆ, ದೊಡ್ಡವೂ ಇವೆ. ಅಂಥ ಹಕ್ಕಿ ಕಾಣೆಯಾದ ಕಾಡಿನ ತುಂಡುಗಳಲ್ಲಿ 12 ಮಿಲಿಮೀಟರ್‌ಗಿಂತ ದೊಡ್ಡ ಬೀಜವೇ ಇಲ್ಲ. ದೊಡ್ಡ ಬೀಜದ ಹಣ್ಣನ್ನು ಉಳಿದ ಸಣ್ಣ ಹಕ್ಕಿಗಳು ನುಂಗಲಾರವು, ಅವು ಬುಡದಲ್ಲೇ ಬಿದ್ದು ಹೋದವು. 2013ರಲ್ಲಿ ಇದು ಪ್ರಕಟವಾಯಿತು. ಅಲ್ಲಿನ ಕಾಡು ಕಡಿದು ಹೆಚ್ಚೆಂದರೆ ಇನ್ನೂರು ವರ್ಷ ಆಗಿರಬಹುದು. ಅಷ್ಟರಲ್ಲಿ ಮರದ ಬೀಜವೇ ಸಣ್ಣದಾಗಿದೆ. ಬೀಜ ಸಣ್ಣದಾದರೆ ಒಳಗಿನ ಬುತ್ತಿಯೂ ಕಮ್ಮಿ, ಒಣಗುವುದೂ ಬೇಗ.

ನದಿದಂಡೆ:
ದೊಡ್ಡ ಪ್ರಾಣಿ ಹೋದ ಮೇಲೂ ಬದುಕಿದ ಮರಗಳಿವೆ ಅಲ್ವಾ? ಬೆಣ್ಣೆಹಣ್ಣಿನ ಅಷ್ಟು ದಪ್ಪ ಗೊರಟೆಯನ್ನು ಯಾರು ನುಂಗುತ್ತಿದ್ದರು ಅಂತ ಯೋಚಿಸಿದರೆ, ಅಮೆರಿಕದಲ್ಲಿ ಸುಮಾರು 10,000 ವರ್ಷದ ಹಿಂದೆ ಅಳಿದ ಆನೆಯಂಥ ಪ್ರಾಣಿಗಳು, ನೆಲದ ಮೇಲಿನ ದೈತ್ಯ ಸ್ಲಾತ್‌ಗಳು ಅಂತ ಹೇಳುತ್ತಾರೆ. ಜಾನ್ಸೆನ್ ಮತ್ತು ಮಾರ್ಟಿನ್ 1982ರಲ್ಲಿ ಅಂಥ ಹಣ್ಣುಗಳ ಬಗ್ಗೆ ಬರೆದಿದ್ದರು.

ಓಟೆಗಾರ:
ಅಂಥ ಕೆಲವು ಮರಗಳನ್ನು ಉಳಿಸಿದ್ದು ಅಗೂಟಿ ಇರಬಹುದು. ಮೊಲದಷ್ಟು ದೊಡ್ಡ ಇಲಿಯಂಥ ಪ್ರಾಣಿ. ಪನಾಮಾದಲ್ಲಿ ಕರಿ ತಾಳೆಯ ಬೀಜಗಳಿಗೆ ಪುಟ್ಟ ರೇಡಿಯೋ ಕಟ್ಟಿ ಹಿಂಬಾಲಿಸಿದರು, 2012ರಲ್ಲಿ ವರದಿ ಬಂತು. ಅಗೂಟಿ ಬೀಜ ಹೂತಿಡುತ್ತದೆ. ಇನ್ನೊಂದು ಅಗೂಟಿ ಕದ್ದು ಬೇರೆ ಕಡೆ ಹೂಳುತ್ತದೆ. ಅದನ್ನು ಮತ್ತೊಂದು ಕದಿಯುತ್ತದೆ. ಒಂದು ಬೀಜ 36 ಸಲ ಜಾಗ ಬದಲಾಯಿಸಿತ್ತು! ಬಹುಪಾಲು ಬೀಜ ಕೊನೆಗೆ ತಿಂದೇ ಹೋಗುತ್ತವೆ. ಹೂತಿಟ್ಟು ಮರೆತ ಬೀಜ, ಇಲ್ಲವೇ ಹೂತಿಟ್ಟ ಪ್ರಾಣಿಯೇ ಸತ್ತು ಉಳಿದ ಬೀಜ ಮರ ಆಗುತ್ತದೆ. ಗೊರಟೆಯವರು ಮೇಲೆ ಗಿಣಿಯನ್ನು ಪೂರ್ತಿ ನಷ್ಟದ ಕಡೆ ಹಾಕಿದ್ದು ನನಗೆ ಅಷ್ಟು ಒಪ್ಪಿಗೆ ಇಲ್ಲ. ಗಿಣಿಯೂ ಹಣ್ಣು ಕಚ್ಚಿಕೊಂಡು ಹಾರುವಾಗ ಎಷ್ಟೋ ಕೆಳಗೆ ಬೀಳಿಸುತ್ತದೆ.

ಗೊರಟೆ:
ಒಪ್ಪಿದೆ. "ಹೆಚ್ಚಿನ ಸಲ ನಷ್ಟ" ಅಂತ ಬರೆಯಬೇಕಿತ್ತು.

ಸದ್ದಿಲ್ಲದ ಕಾಡು:
ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ದೂರದ ಪ್ರಶ್ನೆ ಇನ್ನೂ ದೊಡ್ಡದು. ಗಿಡಕ್ಕೆ ಕಾಲಿಲ್ಲ. ತಂಪಿನ ಕಡೆ ಸರಿಯಬೇಕು ಅಂದರೆ ಅದರ ಬೀಜ ಸರಿಯಬೇಕು. ಹಕ್ಕಿ ಮತ್ತು ಸಸ್ತನಿಗಳು ಕಮ್ಮಿ ಆದದ್ದರಿಂದ, ಪ್ರಾಣಿಗಳನ್ನು ನಂಬಿರುವ ಗಿಡಗಳು ಬದಲಾಗುವ ಹವೆಯ ಜೊತೆ ಜಾಗ ಬದಲಿಸುವ ಶಕ್ತಿ ಈಗಾಗಲೇ 60 ಶೇಕಡದಷ್ಟು ಕುಗ್ಗಿದೆ ಅಂತ 2022ರ ಒಂದು ಜಾಗತಿಕ ಲೆಕ್ಕ ಹೇಳುತ್ತದೆ.

ಇರುಳುಹಾರಿ:
ಹಾಗಾದರೆ ಏನು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಅತ್ತಿ, ಆಲ, ಅರಳಿಯ ಬಳಗದ ಮರ ಕಡಿಯಬೇಡಿ ಅಂತ. ಈ ಬಳಗದಲ್ಲಿ 750ರ ಆಸುಪಾಸು ಜಾತಿಗಳಿವೆ. ಒಂದು ಮರ ಈ ತಿಂಗಳು ಹಣ್ಣು ಬಿಟ್ಟರೆ ಪಕ್ಕದ್ದು ಇನ್ಯಾವಾಗಲೋ ಬಿಡುತ್ತದೆ. ಬೇರೆ ಯಾವ ಮರದಲ್ಲೂ ಹಣ್ಣು ಇಲ್ಲದ ದಿನಗಳಲ್ಲಿ ಎಲ್ಲರೂ ಇಲ್ಲೇ ಬರುವುದು. 1,200ಕ್ಕೂ ಜಾಸ್ತಿ ಜಾತಿಯ ಹಕ್ಕಿ, ಪ್ರಾಣಿಗಳು ಇದರ ಹಣ್ಣು ತಿನ್ನುತ್ತವೆ. ತಿನ್ನಲು ಬಂದವರು ಹೊಟ್ಟೆಯಲ್ಲಿ ಬೇರೆ ಮರದ ಬೀಜಗಳನ್ನೂ ತಂದಿರುತ್ತಾರೆ. ಬಯಲಲ್ಲಿ ಒಂಟಿ ಆಲ ಇದ್ದರೆ ಅದರ ಕೆಳಗೆ ಬಗ್ಗಿ ನೋಡಿ, ಎಷ್ಟು ಬಗೆಯ ಸಸಿ ಇರುತ್ತವೆ ಅಂತ.

ಮೊಳಕೆ:
ಮೂರನೇ ಕುಂಡದ ಸುದ್ದಿ. ಕೈಯಲ್ಲಿ ತೊಳೆದ ಬೀಜಗಳೂ ಹಿಕ್ಕೆಯ ಬೀಜಗಳ ಸರಿಸಮಕ್ಕೆ ಎದ್ದಿವೆ. ಒಂದೆರಡು ದಿನ ತಡ ಅಷ್ಟೇ. ಅಂದರೆ ಈ ಪೊದೆಗೆ ಹಕ್ಕಿಯ ಹೊಟ್ಟೆಯಿಂದ ವಿಶೇಷ ಏನೂ ಬೇಕಿಲ್ಲ, ತಿರುಳು ಹೋದರೆ ಸಾಕು. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಪೊದೆ ಇರುವುದು ರಸ್ತೆಯ ಆಚೆ. ಅಲ್ಲಿಂದ ಬೀಜ ಇಲ್ಲಿ ತನಕ ಬಂದದ್ದನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಲಂಟಾನ ಕಿತ್ತೆ. ಮೂರನೇ ಬಗೆಯ ಬೀಜ ಮೊಳೆಯಲಿಲ್ಲ. ನಾಲ್ಕನೆಯದು ನಿನ್ನೆ ಮಣ್ಣು ಒಡೆದು ಬಂದಿದೆ. ಒಂದೇ ಒಂದು ಸಸಿ. ದಂಟು ಕೆಂಪು, ಎರಡು ದುಂಡನೆ ಎಲೆ, ಬೀಜದ ಸಿಪ್ಪೆ ಇನ್ನೂ ಒಂದು ಎಲೆಯ ತುದಿಗೆ ಟೋಪಿ ಹಾಗೆ ಸಿಕ್ಕಿಕೊಂಡಿದೆ. ಯಾವ ಗಿಡ ಅಂತ ಯಾರಿಗಾದರೂ ಗೊತ್ತಾಗುತ್ತದಾ?

ಪೊಟರೆ:
ಆ ಸಿಪ್ಪೆಯನ್ನು ಕೈಯಿಂದ ಎಳೆಯಬೇಡಿ, ಎಲೆ ಹರಿಯುತ್ತದೆ. ತಾನಾಗೇ ಬೀಳಲಿ. ಈಗ ಕಾಣುವ ಎರಡು ಎಲೆ ನೋಡಿ ಗುರುತು ಹೇಳಲು ಆಗುವುದಿಲ್ಲ, ಅವು ಬೀಜದೊಳಗೆ ಇದ್ದ ಎಲೆಗಳು. ಇನ್ನೆರಡು ಎಲೆ ಬಿಡಲಿ, ಆಗ ಹೇಗಿದೆ ಅಂತ ಬರೆಯಿರಿ.